ಐವತ್ತೆಂಟು ಅಡುಗೆಮನೆಗಳು

ಊರವರು ಅವಳನ್ನು ಪಟ್ಟಿಯಕ್ಕ ಎಂದು ಕರೆಯುತ್ತಿದ್ದರು. ಗ್ರಾಮಾಭಿವೃದ್ಧಿ ಕಚೇರಿ ಅವಳನ್ನು ಕಳಿಸಿದ್ದು ಒಂದೇ ಕೆಲಸಕ್ಕೆ: ಈ ಊರು ಏನು ತಿನ್ನುತ್ತದೆ, ಅದು ಎಲ್ಲಿಂದ ಬರುತ್ತದೆ ಎಂದು ಮನೆಮನೆ ಹೊಕ್ಕು ಬರೆದುಕೊಳ್ಳಲು. ಎಲ್ಲವೂ ಲಾರಿಯಲ್ಲೇ ಬರುತ್ತದೆಂದು ವರದಿಯಾದರೆ ಸಂತೆ ಕೂಡುವ ಹಳೇ ಹೆಂಚಿನ ಮಾಡು ಕೆಡವಿ ಗೋದಾಮು ಕಟ್ಟುವುದೆಂದು ಮೇಲಧಿಕಾರಿ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ.

ಮೊದಮೊದಲು ಯಾರೂ ನಿಜ ಹೇಳಲಿಲ್ಲ. ಏನು ಕೇಳಿದರೂ ಅಂಗಡಿಯದು ಅನ್ನುತ್ತಿದ್ದರು. ಹಿತ್ತಲದ್ದು ಎಂದರೆ ಮರ್ಯಾದೆ ಹೋದೀತೆಂಬ ಅಳುಕು. ನಾಲ್ಕನೆಯ ದಿನ ಕಮ್ಮಾರನ ತಾಯಿ, ನಾಲಿಗೆ ಚುರುಕಿನ ಮುದುಕಿ, ಅವಳ ಕೈಯಿಂದ ಕಾಗದ ಕಿತ್ತು ಪಕ್ಕಕ್ಕಿಟ್ಟು ಸೊಪ್ಪು ಬಿಡಿಸಲು ಕೂರಿಸಿದಳು.

"ಕೇಳಿದ್ರೆ ಸುಳ್ಳು ಹೇಳ್ತೀವಮ್ಮ. ಒಲೆ ಮುಂದೆ ಕೂತು ನೋಡು."

ಪಟ್ಟಿಯಕ್ಕ ಕೂತಳು. ಐವತ್ತೆಂಟು ಅಡುಗೆಮನೆಗಳಲ್ಲಿ ಡಬ್ಬಿ ತೆರೆದು ನೋಡಿದಳು, ಹಾಕಿದ್ದನ್ನು ಉಂಡಳು. ದರ್ಜಿಯ ಮನೆಯ ಅವರೆ ಕುಂಬಾರನ ಮನೆಗೆ, ಅಲ್ಲಿಯ ಮೊಟ್ಟೆ ಆಚೆ ಬೀದಿಗೆ, ಅಲ್ಲಿಂದ ಹಾಲು ಮರಳಿ ದರ್ಜಿಯ ಮನೆಗೆ. ಕೂಡಿಸಿ ನೋಡಿದರೆ ಹತ್ತು ತುತ್ತಿನಲ್ಲಿ ಏಳು ತುತ್ತು ನಡೆದು ಹೋಗುವಷ್ಟು ದೂರದಿಂದಲೇ ಬಂದದ್ದು.

ಮೇಲಧಿಕಾರಿ ವರದಿ ನೋಡಿ ನಕ್ಕ. ಹಿತ್ತಲದ್ದೆಲ್ಲ ಬಿಟ್ಟು ಏಳನ್ನು ಎರಡು ಮಾಡೆಂದ. ರಸೀತಿ ಇಲ್ಲದ್ದು ಆಹಾರವೇ ಅಲ್ಲವಂತೆ. ಇನ್ನೆರಡು ತಿಂಗಳಿಗೆ ಅವಳ ನೌಕರಿ ಕಾಯಂ ಆಗುವುದಿತ್ತು. ಆದರೂ ಅವಳು ವರದಿಯನ್ನು ಅವನ ಮೇಜಿನ ಮೇಲೆ ಮರಳಿ ಇಟ್ಟಳು.

"ನಾನೇ ಉಂಡು ಬಂದಿದ್ದೀನಿ ಸಾರ್. ಅಳಿಸೋಕಾಗಲ್ಲ."

ಅವನೇ ತಿದ್ದಿ ಊರಸಭೆಯಲ್ಲಿ ಓದಿದ, ಸಂತೆಯ ಮಾಡು ಕೆಡವಿ ಗೋದಾಮು ಕಟ್ಟಲು ಊರಸಮಿತಿಯ ಒಪ್ಪಿಗೆ ಕೇಳಿದ. ಪಟ್ಟಿಯಕ್ಕ ತನ್ನ ಪ್ರತಿ ಹಿಡಿದು ಎದ್ದು, ಅದು ಸುಳ್ಳೆಂದಳು. ಕೂತುಕೋ ಎಂದು ಅವನು ಗದರಿದಾಗ ಕಮ್ಮಾರನ ತಾಯಿ ಎದ್ದಳು.

"ನಮ್ಮನೇದು ಹದಿನೇಳನೇ ಪುಟ. ಓದು."

ಪಟ್ಟಿಯಕ್ಕ ಓದಿದಳು. ಆಮೇಲೆ ದರ್ಜಿಯ ಹೆಂಡತಿ ತನ್ನ ಪುಟ ಕೇಳಿದಳು, ಕುಂಬಾರ ತನ್ನದು. ಹಿತ್ತಲಿನ ಹೆಸರೆತ್ತಲು ನಾಚಿದವರೇ ಈಗ ಸಾಲುಗಟ್ಟಿ, ಹೌದು ನಾನೇ ಬೆಳೆದದ್ದು ಅನ್ನುತ್ತಿದ್ದರು. ಮಧ್ಯಾಹ್ನ ಕಳೆಯಿತು, ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ಊರಸಮಿತಿ ಒಮ್ಮತದಿಂದ ಗೋದಾಮು ಬೇಡವೆಂದು ಬರೆದುಕೊಟ್ಟಿತು.

ಸಂತೆಯ ಮಾಡು ಉಳಿಯಿತು. ಅವಳ ನೌಕರಿ ಉಳಿಯಲಿಲ್ಲ. ಅದೇ ವಾರ ಪತ್ರ ಬಂತು. ಓದಿ ಮಡಚುತ್ತಿರುವಾಗ ಪಕ್ಕದೂರಿನ ಮೀನು ಮಾರುವವಳು ಬಾಗಿಲಿಗೆ ಬಂದು, ತಮ್ಮಲ್ಲೂ ಗೋದಾಮಿನ ಮಾತೆದ್ದಿದೆ, ಬರುತ್ತೀಯಾ ಎಂದು ಕೇಳಿದಳು.

ಪಟ್ಟಿಯಕ್ಕ ಚಪ್ಪಲಿ ಮೆಟ್ಟಿದಳು.