ಎರಡು ನಿಂಬೆಹಣ್ಣು

ಅಶ್ವತ್ಥನಾರಾಯಣನಿಗೆ ದೇವರ ಮೇಲೆ ಭಕ್ತಿ ಅಷ್ಟಕ್ಕಷ್ಟೇ. ಆದರೆ ಆಯುಧಪೂಜೆ ಮಾತ್ರ ಒಂದು ವರ್ಷವೂ ತಪ್ಪಿಸಿದವನಲ್ಲ. ಆ ಸಲವೂ ಅಮೆರಿಕದ ಸ್ನೊಕ್ವಾಲ್ಮಿ ಊರಿನ ತನ್ನ ಮನೆಯೆದುರು ಹಳೆಯ ಕಾರನ್ನು ತೊಳೆದು, ಕುಂಕುಮ ಹಚ್ಚಿ, ಮುಂದಿನ ಚಕ್ರಗಳ ಎದುರಿಗೆ ಎರಡು ನಿಂಬೆಹಣ್ಣಿಟ್ಟ. ಅವುಗಳ ಮೇಲೆ ಹಾಯಿಸಿ ಕಾರನ್ನು ಗ್ಯಾರೇಜಿಗೆ ಸೇರಿಸುವುದಷ್ಟೇ ಬಾಕಿ. ಕೀ ತರಲು ಒಳಗೆ ಹೋದವನು ಮೆಟ್ಟಿಲ ಬಳಿ ಕುಸಿದ. ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು.

ಆರೈಕೆ ಕೇಂದ್ರದಲ್ಲಿ ಹೆಂಡತಿ ಉಷಾ ದಿನವೂ ಅವನ ಎಡಗೈ ಹಿಡಿದು ಕೂರುತ್ತಿದ್ದಳು. ರೆಡ್ಮಂಡಿನಲ್ಲಿದ್ದ ಅವನ ಆಫೀಸಿನ ಸುದ್ದಿ ಹೇಳಿದರೂ ಅವನ ಮುಖದಲ್ಲಿ ಏನೂ ಇಲ್ಲ. "ಕಾರು ಅಲ್ಲೇ ಇದೆ ಕಣ್ರೀ, ನಿಂಬೆಹಣ್ಣೂ ಇದೆ. ನೀವೇ ಬಂದು ಓಡಿಸ್ಬೇಕು" ಎಂದಾಗ ಮಾತ್ರ ಆ ಕೈ ಅವಳ ಬೆರಳನ್ನು ಹಿಚುಕುತ್ತಿತ್ತು. ಅವಳಿಗೆ ಅಷ್ಟೇ ಸಾಕಿತ್ತು.

ಕಾರಿಗೆ ಇದೆಲ್ಲ ಗೊತ್ತಾಗಬೇಕಲ್ಲ! ಚಳಿಗಾಲ ಮುಗಿಯುವಷ್ಟರಲ್ಲಿ ಟೈರು ಇಳಿದವು, ಇಲಿ ವೈರು ಕಡಿಯಿತು, ಕಿಟಕಿಯಂಚಿಗೆ ಪಾಚಿ ಬಂತು. ಯಾವ ಪುಣ್ಯಾತ್ಮರೋ ದೂರು ಕೊಟ್ಟರು. ನಗರಸಭೆಯವರು ಗಾಜಿಗೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಿದರು. ಕೆಟ್ಟು ನಿಂತ ವಾಹನ ಬಯಲಲ್ಲಿ ಇರಕೂಡದು. ಹದಿನೈದು ದಿನದಲ್ಲಿ ಓಡುವಂತಾಗಬೇಕು, ಇಲ್ಲವೇ ಗ್ಯಾರೇಜಿನೊಳಗೆ ಹೋಗಬೇಕು.

ಗ್ಯಾರೇಜಿನಲ್ಲಿ ಆಗಲೇ ಆಸ್ಪತ್ರೆಯ ಮಂಚ ಬಂದಿತ್ತು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಮೆಟ್ಟಿಲು ಹತ್ತಲಾಗದ ಗಂಡನಿಗೆ ಇನ್ನು ಅದೇ ಕೋಣೆ.

"ಆಂಟಿ, ಟೋ ಮಾಡಿಸಿ ರಿಪೇರಿಗೆ ಕಳಿಸ್ತೀನಿ. ಒಂದು ಕಾಲ್ ಮಾಡಿದ್ರೆ ಆಯ್ತು" ಎಂದ ಪಕ್ಕದ ಮನೆಯ ಸುಹಾಸ್.

"ಬೇಡಪ್ಪ. ಅವ್ರಿಗೆ ಮಾತು ಕೊಟ್ಟಿದೀನಿ. ಅವ್ರು ಬರೋವರೆಗೂ ಅದು ಅಲ್ಲಾಡಬಾರ್ದು."

ಹಟಮಾರಿ ಹೆಂಗಸು. ಗಂಡ ಬಂದು ಒಮ್ಮೆ ನೋಡಲಿ, ಆಮೇಲೆ ಒಯ್ಯಿರಿ ಎಂದು ನಗರಸಭೆಗೆ ಪತ್ರ ಬರೆದಳು. ಒಂದು ವಾರ ಹೆಚ್ಚಿಗೆ ಸಿಕ್ಕಿತು. ಅಷ್ಟರಲ್ಲಿ ಆರೈಕೆ ಕೇಂದ್ರದವರು ಅವನನ್ನು ಮನೆಗೆ ಕಳಿಸುವ ದಿನವನ್ನು ಎರಡು ಸಲ ಮುಂದೂಡಿದರು.

ಶುಕ್ರವಾರ ಬೆಳಿಗ್ಗೆ ಕಾರನ್ನು ಎಳೆದೊಯ್ಯಲು ನಗರಸಭೆಯ ಲಾರಿ ಬಂತು. ಮಧ್ಯಾಹ್ನ ಗಂಡ ಬರುತ್ತಾನೆ, ಅಲ್ಲಿಯವರೆಗೆ ತಡೆಯಿರಿ ಎಂದು ಉಷಾ ಗೋಗರೆದಳು. ಚಾಲಕ ಪಾಪದವನು, ತಲೆ ತಗ್ಗಿಸಿಯೇ ಕೊಕ್ಕೆ ಹಾಕಿದ. ಕಾರು ಹಿಮ್ಮುಖವಾಗಿ ಬೀದಿಗಿಳಿಯಿತು. ಕಪ್ಪಗೆ ಒಣಗಿದ ನಿಂಬೆಹಣ್ಣುಗಳು ಇಟ್ಟಲ್ಲೇ ಉಳಿದವು. ಎತ್ತಿ ಎಸೆಯಲು ಅವಳಿಗೆ ಮನಸ್ಸಾಗಲಿಲ್ಲ.

ಮಧ್ಯಾಹ್ನ ಆರೈಕೆ ಕೇಂದ್ರದ ವ್ಯಾನು ಹಿಂದಕ್ಕೆ ಸರಿಯುತ್ತ ಗ್ಯಾರೇಜಿನತ್ತ ಬಂತು. ಅವಳು ಕೂಗುತ್ತ ಓಡುವಷ್ಟರಲ್ಲಿ ಚಕ್ರಗಳು ಎರಡನ್ನೂ ಅರೆದಿದ್ದವು.

ಗಾಲಿಕುರ್ಚಿಯಲ್ಲಿ ಇಳಿದ ಅಶ್ವತ್ಥನಾರಾಯಣ ಖಾಲಿ ಜಾಗವನ್ನೇ ನೋಡಿದ. ಉಷಾ ಅವನ ಎಡಗೈ ಹಿಡಿದಳು.

"ರಿಪೇರಿಗೆ ಹೋಗಿದೆ ಕಣ್ರೀ. ನಾಳೆ ಬರುತ್ತೆ."

ಬೆರಳು ಹಿಚುಕುತ್ತಾನೆಂದು ಕಾದಳು. ಮಂಚದಲ್ಲಿ ಮಲಗಿಸಿ, ವ್ಯಾನಿನವರು ಹೊರಟು, ಗ್ಯಾರೇಜಿನ ಬಾಗಿಲು ಇಳಿಯುವವರೆಗೂ ಕಾದಳು. ಕೈ ಅವಳ ಕೈಯಲ್ಲಿ ಸುಮ್ಮನೆ ಬಿದ್ದಿತ್ತು.