ಬಿಚ್ಚಿದ ಗುಂಡಿಗಳ ಜಾಡಿ

ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ನಗುವಾಗ ನನಗೆ ನಾಚಿಕೆ ಸ್ವಲ್ಪ ಕಡಿಮೆಯಾಗಲಿ.

ನಾನು ಕೆಲಸ ಮಾಡುವುದು ಸೈನಿಕರ ಕುಟುಂಬಗಳಿಗೆ ನೆರವಾಗುವ ಸಂಸ್ಥೆಯಲ್ಲಿ. ನಮ್ಮ ಗುರುತು ಒಂದು ನೀಲಿ ಗುಂಡಿ. ನಾಲ್ಕು ತೂತು, ಮೇಲೆ ಬಿಳಿ ದಾರದ ಕತ್ತರಿ ಹೊಲಿಗೆ. ಜನ ಅದನ್ನು ನಮ್ಮಿಂದ ಕೊಂಡು ಅಂಗಿಗೆ ಹಾಕಿಕೊಳ್ಳುತ್ತಾರೆ, ಆ ದುಡ್ಡಿನಲ್ಲಿ ಸೈನಿಕ ಆಸ್ಪತ್ರೆಯ ಎದುರಿನ ತಂಗುಮನೆ ನಡೆಯುತ್ತದೆ. ಗಾಯಗೊಂಡವರ ಮನೆಮಂದಿ ಅಲ್ಲಿ ಬಿಡಿಕಾಸು ಕೊಡದೆ ಇರಬಹುದು. ಆ ಗುಂಡಿಯನ್ನು ಯಾರು, ಎಲ್ಲಿ, ಹೇಗೆ ಬಳಸಬೇಕೆಂದರೂ ನನ್ನ ಒಪ್ಪಿಗೆ ಬೇಕು. ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು ಗುಂಡಿ ಪೊಲೀಸ್ ಅನ್ನುತ್ತಾರೆ. ಕೇಳಿಸಿದರೂ ಕೇಳಿಸದ ಹಾಗೆ ಇದ್ದುಬಿಡುತ್ತೇನೆ.

ಹದಿನೆಂಟು ವರ್ಷದ ಹಿಂದೆ ಗಡಿಯಲ್ಲಿದ್ದ ನಮ್ಮ ಯಜಮಾನರ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅತ್ತೆ ಮತ್ತು ನಾನು ಆ ತಂಗುಮನೆಯ ಐದನೇ ಕೋಣೆಯಲ್ಲಿ ಎರಡೂವರೆ ತಿಂಗಳು ಇದ್ದೆವು. ಕಿಟಕಿಯಿಂದ ಅವರ ವಾರ್ಡಿನ ಹಸಿರು ಪರದೆ ಕಾಣುತ್ತಿತ್ತು. ಬೆಳಗ್ಗೆ ಬಾಗಿಲು ತೆರೆದರೆ ಹೊರಗೆ ಒಂದು ಬಕೆಟ್ಟು ಬಿಸಿನೀರು ಇರುತ್ತಿತ್ತು. ಯಾರು ಇಟ್ಟರೆಂದು ಕೇಳುವ ತ್ರಾಣವೂ ನಮಗಿರಲಿಲ್ಲ. ಆ ಬಕೆಟ್ಟಿನ ಋಣ ನನ್ನ ಮೇಲಿದೆ. ಅದಕ್ಕೇ ಈ ಕೆಲಸಕ್ಕೆ ಸೇರಿದೆ, ಅದಕ್ಕೇ ಈ ಕೆಲಸದಲ್ಲಿ ಯಾರಿಗೂ ಸೊಪ್ಪು ಹಾಕುವುದಿಲ್ಲ.

ಈ ವರ್ಷ ಒಬ್ಬ ವ್ಯಾಪಾರಿ ನಮ್ಮ ಗುಂಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ ಮಾರತೊಡಗಿದ. ಕೊಂಡವರು ಸೈನಿಕರ ಮನೆಗೆ ಕೊಟ್ಟೆವೆಂದು ತಿಳಿದರು, ಹೋಗಿದ್ದು ಅವನ ಜೇಬಿಗೆ. ನಾವು ನೋಟಿಸು ಕೊಟ್ಟೆವು. ಅವನ ಉತ್ತರ ನೋಡಿ ನಮ್ಮ ವಕೀಲಮ್ಮನ ಮುಖ ಸಣ್ಣದಾಯಿತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಬ್ಬ ಟೈಲರ್ ವರ್ಷಗಟ್ಟಲೆಯಿಂದ ಇದೇ ಗುಂಡಿಯನ್ನು ಕಂಡವರ ಬಟ್ಟೆಗೆಲ್ಲ ಹೊಲಿದುಕೊಡುತ್ತಿದ್ದಾನಂತೆ. ಅವನನ್ನು ಸಂಸ್ಥೆ ಒಂದು ದಿನವೂ ತಡೆದಿಲ್ಲ, ಹಾಗಾಗಿ ಈ ಗುರುತು ಊರಿನ ಸೊತ್ತು ಅಂತ ವ್ಯಾಪಾರಿಯ ವಾದ.

"ಟೈಲರ್ ನಮ್ಮ ಒಪ್ಪಿಗೆ ಮೇಲೆ ಹೊಲೀತಾ ಇದ್ದಾರೆ ಅಂತ ತೋರಿಸ್ಬೇಕು. ಆಗಲ್ಲ ಅಂದ್ರೆ ಇನ್ಮೇಲೆ ಹೊಲಿಯಲ್ಲ ಅಂತ ಅವರಿಂದ ಬರೆಸ್ಕೊಳ್ಳಿ, ಅಷ್ಟಾದ್ರೂ ಕೈಯಲ್ಲಿರ್ಲಿ" ಅಂದರು ವಕೀಲಮ್ಮ. "ಎರಡೂ ಇಲ್ದಿದ್ರೆ ಗುರುತು ಕೈಬಿಟ್ಟ ಹಾಗೇ."

ಗುರುತು ಹೋದರೆ ತಂಗುಮನೆ ಹೋದಂತೆ. ಒಪ್ಪಿಗೆಯ ಮಾತೇ ಇಲ್ಲ, ಕೊಡುವವಳು ನಾನು, ನಾನು ಕೊಟ್ಟಿಲ್ಲ. ಮುಚ್ಚಳಿಕೆ ಟೈಪು ಮಾಡಿಸಿಕೊಂಡು ಮಧ್ಯಾಹ್ನವೇ ಹೊರಟೆ.

ಅಂಗಡಿ ಎರಡು ಮಂಚದಷ್ಟು ಅಗಲ. ಒಂದು ಕಾಲುಮಿಷನ್ನು, ಇಸ್ತ್ರಿಯ ಮೇಜು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಕತ್ತರಿ. ಎಪ್ಪತ್ತು ದಾಟಿದ ಟೈಲರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಯಾರದೋ ಕಾಲರ್ ತಿರುಗಿಸುತ್ತಿದ್ದರು.

"ಯಜಮಾನ್ರೇ, ಈ ನೀಲಿ ಗುಂಡಿ ಹೊಲಿಯೋಕೆ ನಿಮಗೆ ಅಪ್ಪಣೆ ಕೊಟ್ಟಿದ್ದು ಯಾರು?" ಅಂದೆ, ನಿಂತುಕೊಂಡೇ.

"ಕೂತ್ಕೊಳ್ಳಿ ತಾಯಿ. ನಿಂತ್ರೆ ಬೆಳಕು ಅಡ್ಡ ಆಗತ್ತೆ."

ಕೂತೆ. ಮುಚ್ಚಳಿಕೆ ಚಾಚಿದೆ. ಅವರು ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ನಾನೇ ಚಡಪಡಿಸಿದೆ.

"ಸಹಿ ಹಾಕಲ್ಲ" ಅಂದರು. "ಅಪ್ಪಣೆ ಇದೆ."

ಸಂಸ್ಥೆ ಕಟ್ಟಿದ ದೊಡ್ಡಮ್ಮ ಮೊದಲ ವರ್ಷವೇ ಇಲ್ಲಿಗೆ ಬಂದಿದ್ದರಂತೆ. ಆಸ್ಪತ್ರೆಗೆ ಬಂದವರು ಹರಿದ ಬಟ್ಟೆ ಹೊಲಿಸಲು ಬರುವುದು ಈ ಅಂಗಡಿಗೇ. ಮನೆಯ ಮನುಷ್ಯ ಆಸ್ಪತ್ರೆಯಲ್ಲೋ ಗಡಿಯಲ್ಲೋ ಇದ್ದವರಿಗೆ ಒಂದು ನೀಲಿ ಗುಂಡಿ ಪುಕ್ಕಟೆ ಹೊಲಿದುಕೊಡಿ ಅಂದರಂತೆ. ಆ ಮನುಷ್ಯ ಮನೆಗೆ ಬಂದ ಮೇಲೆ ವಾಪಸು ಬಂದು ಅದನ್ನು ಬಿಚ್ಚಿಸಿಕೊಳ್ಳಬೇಕು. ಅದೊಂದೇ ಷರತ್ತು.

"ದೊಡ್ಡಮ್ಮ ತೀರಿಕೊಂಡು ಹನ್ನೆರಡು ವರ್ಷ ಆಯ್ತು. ಬಾಯಿಮಾತು ಯಾರು ನಂಬ್ತಾರೆ?" ಅಂದೆ.

"ಬಾಯಿಮಾತು ಯಾರು ಹೇಳಿದ್ರು?" ಮಿಷನ್ನಿನ ಡ್ರಾಯರಿನಿಂದ ಒಂದು ಸರಿಗೆ ತೆಗೆದರು. ಅದಕ್ಕೆ ಚುಚ್ಚಿದ ಚೀಟಿಗಳ ಕಂತೆ. "ವರ್ಷಕ್ಕೊಂದು ಡಬ್ಬಿ ಗುಂಡಿ ನಿಮ್ಮ ಉಗ್ರಾಣದಿಂದ ಬರತ್ತೆ. ಜೊತೆಗೆ ಚೀಟಿ."

ಒಂದೊಂದರಲ್ಲೂ ಅದೇ ಒಕ್ಕಣೆ. 'ಸಂಸ್ಥೆಯ ಗುರುತಿನ ಗುಂಡಿ. ದೂರವಿರುವವರ ಮನೆಯವರಿಗೆ ಮಾತ್ರ ಹೊಲಿದುಕೊಡುವುದು, ಬಂದ ಮೇಲೆ ಬಿಚ್ಚಿ ಇಟ್ಟುಕೊಳ್ಳುವುದು, ಮಾರತಕ್ಕದ್ದಲ್ಲ.' ಹಳೆಯವುಗಳ ಕೆಳಗೆ ದೊಡ್ಡಮ್ಮನ ಸಹಿ. ಆಮೇಲಿನ ಹನ್ನೆರಡರ ಕೆಳಗೆ ನನ್ನದು.

ಉಗ್ರಾಣದವರು ವರ್ಷದ ಕೊನೆಗೆ ಕಾಗದದ ರಾಶಿ ತಂದಿಡುತ್ತಾರೆ. ಒಡಕು ಗುಂಡಿ, ಖಾಲಿ ಡಬ್ಬಿ, ಇಲಿ ಕಡಿದ ಚೀಲದ ಲೆಕ್ಕ, ಅದರ ನಡುವೆ ಈ ಚೀಟಿಯೂ. ಊಟದ ಹೊತ್ತಾಗಿರುತ್ತದೆ, ಬರಬರ ಸಹಿ ಹಾಕಿ ಏಳುತ್ತೇನೆ. ಪ್ರಪಂಚಕ್ಕೆಲ್ಲ ಓದಿ ಸಹಿ ಹಾಕಿ ಅಂತ ಬುದ್ಧಿ ಹೇಳುವವಳು ಹನ್ನೆರಡು ವರ್ಷ ಕಣ್ಣು ಮುಚ್ಚಿ ಅಪ್ಪಣೆ ಕೊಟ್ಟಿದ್ದೆ.

"ಸಹಿ ಯಾರದು ಗೊತ್ತಿಲ್ಲ" ಅಂದರು ಟೈಲರ್. "ಪ್ರತಿ ವರ್ಷ ಮರೀದೆ ಕಳಿಸ್ತಾರಲ್ಲ, ಒಳ್ಳೆ ಮನಸ್ಸಿನವರು."

ಮರ್ಯಾದೆ ಮೂರುಕಾಸಿಗೆ ಹೋಗುವುದೆಂದರೆ ಇದೇ. "ನಾನೇ ಅಣ್ಣ" ಅಂದೆ. "ಓದದೆ ಹಾಕಿದ್ದು." ಯಜಮಾನ್ರು ಎಂಬ ಮಾತು ಯಾವಾಗ ಅಣ್ಣ ಆಯಿತೋ ನನಗೇ ಗೊತ್ತಾಗಲಿಲ್ಲ.

ಅವರು ನಗಲಿಲ್ಲ. ಎದ್ದು ಇಸ್ತ್ರಿಯ ಮೇಜಿನ ಕೆಳಗಿಂದ ಒಂದು ಗಾಜಿನ ಜಾಡಿ ಎತ್ತಿ ನನ್ನ ಮಡಿಲಲ್ಲಿಟ್ಟರು. ಕತ್ತಿನವರೆಗೆ ನೀಲಿ ಗುಂಡಿ. ಕೆಲವಕ್ಕೆ ಇನ್ನೂ ಬಿಳಿ ದಾರದ ಚೂರು ಅಂಟಿತ್ತು. "ಇವೆಲ್ಲ ಬಿಚ್ಚಿಸ್ಕೊಂಡವು" ಅಂದರು. "ಬಂದವರ ಮನೆಯವು."

ಆಗ ನೆನಪಾಯಿತು. ಅತ್ತೆಯ ಬೂದುಬಣ್ಣದ ಶಾಲಿನ ಅಂಚಿನಲ್ಲಿ ಒಂದು ನೀಲಿ ಗುಂಡಿ ಇತ್ತು. ತಂಗುಮನೆಯಲ್ಲಿ ಕೊಟ್ಟಿರಬೇಕು ಅಂದುಕೊಂಡಿದ್ದೆ. ನಮ್ಮ ಯಜಮಾನರು ಊರುಗೋಲು ಹಿಡಿದು ಮನೆಗೆ ಬಂದ ಮಾರನೆಯ ದಿನ ಅತ್ತೆ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬಂದರು, ಶಾಲಿನಲ್ಲಿ ಗುಂಡಿ ಇರಲಿಲ್ಲ. ಇಷ್ಟು ದಿನ ಕಾಪಾಡಿದ ಗುಂಡಿಯನ್ನು ಎಲ್ಲಿ ಬೀಳಿಸಿಕೊಂಡಿರಿ ಅಂತ ಅವತ್ತು ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆ. ಅತ್ತೆ ನಗುತ್ತಾ ಒಳಗೆ ಹೋದರು. ಅವರು ಈಗಿಲ್ಲ.

"ಬೂದು ಶಾಲಿನ ಒಬ್ಬರು ಮುದುಕಿ..." ಅಂತ ಶುರುಮಾಡಿದೆ.

"ಎಷ್ಟೋ ಜನ ಬರ್ತಾರೆ ತಾಯಿ, ಮುಖ ನೆನಪಿರಲ್ಲ. ಬಿಚ್ಚಿಸ್ಕೊಳ್ಳೋಕೆ ಬಂದವರು ಮಾತ್ರ ಎಲ್ಲರೂ ಒಂದೇ ಥರ. ಅಳ್ತಾ ಇರ್ತಾರೆ, ಯಾಕೆ ಅಳ್ತಿದೀನಿ ಅಂತ ಅವರಿಗೇ ನಗು ಬರತ್ತೆ."

ವಿಚಾರಣೆಯ ದಿನ ಚೀಟಿಗಳನ್ನು ಸರಿಗೆಯ ಸಮೇತ ಮೇಜಿನ ಮೇಲಿಟ್ಟೆವು. ಸಹಿ ನಿಮ್ಮದೇನಾ ಅಂದರು ನ್ಯಾಯಾಧೀಶರು. ನನ್ನದೇ ಅಂದೆ. ಓದಿ ಹಾಕಿದ್ದಾ ಅಂತ ವ್ಯಾಪಾರಿಯ ವಕೀಲರು ಕೆಣಕಿದರು. ಮೊದಲು ಓದಿರಲಿಲ್ಲ, ಈಗ ಹನ್ನೆರಡನ್ನೂ ಓದಿದ್ದೇನೆ, ಒಂದಕ್ಷರವೂ ಬದಲಿಸಬೇಕಾಗಿಲ್ಲ ಅಂದೆ. ಗುರುತು ನಮ್ಮಲ್ಲೇ ಉಳಿಯಿತು, ಪ್ಲಾಸ್ಟಿಕ್ಕಿನ ಗುಂಡಿ ನಿಂತಿತು. ತಂಗುಮನೆಯ ಐದನೇ ಕೋಣೆಯ ಮುಂದೆ ನಾಳೆ ಬೆಳಗ್ಗೆಯೂ ಬಕೆಟ್ಟು ಇರುತ್ತದೆ.

ಮರುವಾರ ಟೈಲರಣ್ಣನಿಗೆ ಒಪ್ಪಿಗೆಪತ್ರ ಕೊಡಲು ಹೊರಟಾಗ ನಮ್ಮ ಯಜಮಾನರೂ ಕೋಲು ಹಿಡಿದು ಜೊತೆಗೆ ಬಂದರು. "ಓದಿದೀಯೇನೇ?" ಅಂತ ದಾರಿಯುದ್ದಕ್ಕೂ ಕಾಡಿದರು. ಮೂರು ಸಲ ಓದಿದ್ದೆ.

ಅಂಗಡಿಯಲ್ಲಿ ಅವರು ಜಾಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ನಮ್ಮಮ್ಮ ಬಿಚ್ಚಿಸಿದ್ದು ಯಾವುದು?"

"ಹೇಳೋಕಾಗಲ್ಲಪ್ಪ. ಬೇಕಿದ್ರೆ ಒಂದು ತಗೊಂಡು ಹೋಗಿ."

ಇವರು ಜಾಡಿಯೊಳಗೆ ಕೈ ಹಾಕಿ ಒಂದನ್ನು ಎತ್ತಿದರು. ಅದಕ್ಕೆ ದಾರದ ಚೂರು ಇತ್ತು. ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದು ಮತ್ತೆ ಒಳಗೇ ಹಾಕಿದರು.

"ಇಲ್ಲೇ ಇರ್ಲಿ" ಅಂದರು. "ಅಮ್ಮ ಇಡೋಕೆ ಅಂತಲೇ ಇಷ್ಟು ದೂರ ಬಂದಿದ್ದಳಲ್ಲ."