ಹೆಕ್ಟರನ ಹೆಪ್ಪು

ಮರ್ಡೊ ಖಾಲಿ ಜಾಡಿಯನ್ನು ತಮ್ಮನ ಮೂಗಿನ ಕೆಳಗೆ ಹಿಡಿದ. “ಎಲ್ಲೋ ಅಪ್ಪನ ಹೆಪ್ಪು?”

ಪೀಪಾಯಿಯಲ್ಲಿ ಸಾರಾಯಿಗೆ ಹುಳಿಯಿಡುವ ಕೊಳೆಗೆ ಹುಟ್ಟು ಆಡಿಸುತ್ತಿದ್ದ ಲೈಲ್ ಕೈ ನಿಲ್ಲಿಸಲಿಲ್ಲ. ಷೆಡ್ಡಿನ ತುಂಬ ಸಕ್ಕರೆ, ಟೊಮೇಟೊ ಪೇಸ್ಟಿನ ಬೆಚ್ಚನೆಯ ವಾಸನೆ. “ಕುದಿಸಿ ಕೊಳೆಗೆ ಹಾಕಾಯ್ತು. ಸತ್ತ ಯೀಸ್ಟು ಹೊಸ ಯೀಸ್ಟಿಗೆ ಊಟ. ಅಪ್ಪನೇ ಹೇಳ್ಕೊಟ್ಟಿದ್ದಲ್ವಾ?”

ಹೇಳಿಕೊಟ್ಟಿದ್ದು ನಿಜ. ಆದರೆ ಅದು ಅಂಗಡಿಯ ಹಳೇ ಪ್ಯಾಕೆಟ್ ಯೀಸ್ಟಿನ ಮಾತು, ಈ ಹೆಪ್ಪಿನದಲ್ಲ. ಪ್ರತಿ ಸಲ ಭಟ್ಟಿ ಇಳಿಸುವ ಮೊದಲು ಅಪ್ಪ ಹೆಕ್ಟರ್ ಕೊಳೆಯ ತಳದ ಗಸಿಯನ್ನು ಜಾಡಿಗೆ ತುಂಬಿಟ್ಟು, ಮುಂದಿನ ಕೊಳೆಗೆ ಅದನ್ನೇ ಹಾಕುತ್ತಿದ್ದ. ಸಕ್ಕರೆ ಅತಿಯಾದರೂ ಸಾಯದ, ತಮ್ಮೂರು ಮಟಾವ್ರಾದ ಚಳಿಗೂ ಜಗ್ಗದ ಹೆಪ್ಪು. ಅವನು ತೀರಿಕೊಂಡ ಮೇಲೆ ಮರ್ಡೊ ಅದನ್ನು ಫ್ರಿಜ್ಜಿನಲ್ಲಿ ಕೂಸಿನಂತೆ ಸಾಕಿದ್ದ. ಸತ್ತವರು ದೇವರಾಗುವುದು ಎಲ್ಲ ಊರಲ್ಲೂ ಇದ್ದದ್ದೇ. ಹೆಕ್ಟರನಂಥವನೂ ಆಗಿಬಿಟ್ಟಿದ್ದ.

“ಅಪ್ಪನ ಹೆಸರೆತ್ತೋ ಯೋಗ್ಯತೆ ಇದ್ಯೇನೋ ನಿಂಗೆ?”

“ಗಸಿ ಕಣೋ ಅದು. ಗೋರಿ ಕಟ್ಟಿಸ್ಬೇಕಿತ್ತಾ?”

ಮರ್ಡೊ ಹುಟ್ಟನ್ನು ಕಿತ್ತುಕೊಂಡು ಬೀಸಿದ. ಲೈಲನ ಮೂಗು ಮುರಿದ ಸದ್ದು ಕೇಳಿಸಿತು. ಲೈಲ್ ತಲೆ ತಗ್ಗಿಸಿ ನುಗ್ಗಿ ಅಣ್ಣನ ಹೊಟ್ಟೆಗೆ ಗುದ್ದಿದ. ತಾಮ್ರದ ಕೊಳವೆ, ಬಾಟಲಿಗಳು ನೆಲಕ್ಕೆ ಬಿದ್ದು ಚೂರಾದವು. ಆದರೆ ಮರ್ಡೊ ದಿನವಿಡೀ ಕಸಾಯಿಖಾನೆಯಲ್ಲಿ ಟಗರುಗಳ ಕತ್ತು ಹಿಡಿಯುವ ಆಳು. ತಮ್ಮನ ಕತ್ತು ಹಿಡಿದು ತಲೆಯನ್ನು ಪೀಪಾಯಿಗೆ ಅದುಮಿದ. ಕೆಂಪು ಕೊಳೆಯಲ್ಲಿ ರಕ್ತ ಯಾವುದು, ಟೊಮೇಟೊ ಯಾವುದು ಗೊತ್ತಾಗಲಿಲ್ಲ.

“ಕುಡಿ! ಕುಡಿಯೋ ಅಪ್ಪನ್ನ!”

ಲೈಲನ ಗಂಬೂಟುಗಳು ನೆಲ ಕೆರೆದವು. ಆಮೇಲೆ ಕೆರೆಯುವುದೂ ನಿಧಾನವಾಯಿತು.

“ಬಿಡೋ ಅವನ್ನ. ಕುದಿಸಿದ್ದು ನಾನು.”

ಬಾಗಿಲಲ್ಲಿ ತಾಯಿ ರೇವಿನ್ ನಿಂತಿದ್ದಳು. ಮರ್ಡೊನ ಕೈ ಸಡಿಲವಾಯಿತು. ಲೈಲ್ ನೆಲಕ್ಕೆ ಜಾರಿ, ಕೆಮ್ಮಿ ಕೆಮ್ಮಿ ಕಾರಿದ. ಸದ್ಯ, ಉಸಿರಿತ್ತು.

“ನೀನಾ? ಯಾಕಮ್ಮ?”

“ನನ್ನ ಹೆಸ್ರು ಬರ್ಬಾರ್ದು ಅಂತ ಅವನು ಸುಮ್ನಿದ್ದ, ಪಾಪ. ಬೆಳಿಗ್ಗೆ ಜಾಡಿ ಮುಚ್ಚಳ ತೆಗೆದ್ರೆ ಬುಸ್ ಅಂತು. ನಿಮ್ಮಪ್ಪ ಮಣ್ಣಿಗೆ ಹೋದ್ರೂ ನಮ್ಮನೇಲಿ ಉಸಿರಾಡ್ತಾನೇ ಇದ್ದ. ಒಂದ್ಸಲ ಕುದಿಸ್ದೆ. ಸತ್ತ ಅನ್ನೋ ಧೈರ್ಯ ಬರ್ಲಿಲ್ಲ. ಆರಿಸಿ ಇನ್ನೊಂದ್ಸಲ ಕುದಿಸ್ದೆ.”

“ಅಷ್ಟು ದ್ವೇಷಾನಾ?”

“ನಿನ್ನ ತಲೇನೂ ಇದೇ ಪೀಪಾಯಿಗೆ ಹೀಗೇ ಅದುಮಿದ್ದ. ಹಾಲುಹಲ್ಲು ಬಿದ್ದಿರ್ಲಿಲ್ಲ ನಿಂಗೆ.” ರೇವಿನ್ ಎಂದೂ ನೆಟ್ಟಗಾಗದ ತನ್ನ ಬಲ ಮಣಿಕಟ್ಟನ್ನು ಎತ್ತಿ ಹಿಡಿದಳು. “ನಿನ್ನ ಬಿಡಿಸೋಕೆ ಹೋದಾಗ್ಲೇ ಇದು ಮುರಿದಿದ್ದು.”

ಅಮ್ಮ ಮೆಟ್ಟಿಲ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳೆಂದು ಮರ್ಡೊ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಹಾಗೆ ಹೇಳೆಂದು ಕಲಿಸಿದವನು ಹೆಕ್ಟರ್.

ಅವಳು ಲೈಲನ ಮೂಗಿಗೆ ಬಟ್ಟೆ ಒತ್ತಿ ಕೂರಿಸಿದಳು. ಆಮೇಲೆ ಪೀಪಾಯಿಗೆ ಹೆಗಲು ಕೊಟ್ಟು ಉರುಳಿಸಿದಳು. ಕೊಳೆಯೆಲ್ಲ ಹೊಸಿಲು ದಾಟಿ, ಹಿಮ ಕೂತ ಹುಲ್ಲಿನ ಮೇಲೆ ಹಬೆಯಾಡುತ್ತ ಹರಿಯಿತು.

“ಹೊಸದಾಗಿ ಕಲಸೋಣ,” ಎಂದಳು. “ಮೊದ್ಲು ಕೈ ತೊಳ್ಕೊ. ಕೊಳಕು ಕೈ ಹಾಕಿದ್ರೆ ಕೊಳೆ ಕೆಡುತ್ತೆ.”

ಮರ್ಡೊ ನಲ್ಲಿ ತಿರುಗಿಸಿದ. ತಣ್ಣೀರಿನಲ್ಲಿ ತಮ್ಮನ ರಕ್ತ ಬೇಗನೇ ಹೋಯಿತು. ಅವನು ಕೈಗಳನ್ನು ನೋಡುತ್ತ, ಉಜ್ಜುತ್ತಲೇ ನಿಂತ.